ಮಸುಕು ಟೇಪಿನಲ್ಲಿ ಉಳಿದ ಸಿನಿಮಾ

1978ರ ‘ಸೂಪರ್‌ಮ್ಯಾನ್’ ಚಿತ್ರ ಥಿಯೇಟರಿನಲ್ಲಿ 143 ನಿಮಿಷ ಇತ್ತು. 1982ರಲ್ಲಿ ಅಮೆರಿಕದ ಎಬಿಸಿ ಚಾನೆಲ್ ಅದನ್ನು ಎರಡು ರಾತ್ರಿ ಪ್ರಸಾರ ಮಾಡಿತು. ಆಗ ಅದೇ ಸಿನಿಮಾ 3 ಗಂಟೆ ದಾಟಿತ್ತು! ಥಿಯೇಟರಿನಲ್ಲಿ ಇಲ್ಲದ ದೃಶ್ಯಗಳು ಟಿವಿಯಲ್ಲಿ ಬಂದಿದ್ದವು. ಟಿವಿಗಾಗಿ ಉದ್ದ ಮಾಡಿದ ಆವೃತ್ತಿ ಬ್ಲೂ-ರೇ ಡಿಸ್ಕ್ ಆಗಿ ಹೊರಬಂದದ್ದು 2017ರಲ್ಲಿ. ಅಲ್ಲಿಯವರೆಗೆ ಅದನ್ನು ನೋಡಬೇಕೆಂದರೆ ಮರುಪ್ರಸಾರಕ್ಕೆ ಕಾಯಬೇಕು, ಇಲ್ಲವೇ ಯಾರೋ ಮನೆಯಲ್ಲಿ ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್ ಹುಡುಕಬೇಕು.

ಇಂಥ ಕ್ಯಾಸೆಟ್‌ಗಳನ್ನು ಹುಡುಕಿ ತಂದು, ಅದರೊಳಗಿನ ಸಿನಿಮಾವನ್ನು ಮತ್ತೆ ನೋಡುವ ಹಾಗೆ ಮಾಡುವ ಅಭಿಮಾನಿಗಳಿದ್ದಾರೆ. ಇವರಿಗೆ ಸಂಬಳ ಇಲ್ಲ. ಕಾಪಿರೈಟ್ ಕಾರಣಕ್ಕೆ ಮಾರುವ ಹಾಗೂ ಇಲ್ಲ. ಆದರೆ ಅವರ ಕೆಲಸದಲ್ಲಿ ಇರುವ ವಿಜ್ಞಾನ ತುಂಬಾ ಚೆಂದ.

ಮೊದಲು ಟೇಪನ್ನೇ ನೋಡೋಣ. ಆಗ ಮನೆಗಳಲ್ಲಿ ಬಳಸುತ್ತಿದ್ದ ವಿಎಚ್‌ಎಸ್ ಅನ್ನುವ ವಿಡಿಯೊ ಟೇಪಿನ ಅಗಲ 12.7 ಮಿಲಿಮೀಟರ್. ಅದು ಒಂದು ಓರೆಯಾದ ಡ್ರಮ್ಮಿಗೆ ಸುತ್ತಿಕೊಂಡು ಸಾಗುತ್ತದೆ. ಅಮೆರಿಕದ ಯಂತ್ರಗಳಲ್ಲಿ ಡ್ರಮ್ ನಿಮಿಷಕ್ಕೆ ಹೆಚ್ಚುಕಡಿಮೆ 1800 ಸುತ್ತು ತಿರುಗುತ್ತದೆ. ಅದರ ಮೇಲಿನ ಪುಟ್ಟ ಹೆಡ್‌ಗಳು, ಅಂದರೆ ಸಿಗ್ನಲ್ ಬರೆಯುವ ಮತ್ತು ಓದುವ ಭಾಗಗಳು, ಟೇಪಿನ ಮೇಲೆ ಓರೆ ಗೆರೆಗಳನ್ನು ಬರೆಯುತ್ತಾ ಹೋಗುತ್ತವೆ. ಇಷ್ಟು ಸಣ್ಣ ಜಾಗದಲ್ಲಿ ಚಿತ್ರ ಪೂರ್ತಿ ಹಿಡಿಸುವುದಿಲ್ಲ. ಹಾಗಾಗಿ ಹೊಳಪಿನ ವಿವರ ಅಡ್ಡಕ್ಕೆ ಸುಮಾರು 240 ಗೆರೆಗಳಿಗೆ ಇಳಿಯುತ್ತದೆ. ಬಣ್ಣದ ವಿವರ ಅದರ ಐದಾರನೇ ಒಂದು ಪಾಲು ಅಷ್ಟೇ. ಹಳೆ ಕ್ಯಾಸೆಟ್‌ನಲ್ಲಿ ಕೆಂಪು ಬಟ್ಟೆಯ ಬಣ್ಣ ಅಂಚು ದಾಟಿ ಪಕ್ಕಕ್ಕೆ ಹರಡಿದ್ದು ನೋಡಿರುತ್ತೀರಿ, ಅಲ್ವಾ? ಕಾರಣ ಇದೇ.

ಇನ್ನೊಂದು ತೊಡಕು ಎಣಿಕೆಯದ್ದು. ಸಿನಿಮಾ ಸೆಕೆಂಡಿಗೆ 24 ಫ್ರೇಮ್. ಅಮೆರಿಕದ ಟಿವಿ ಸೆಕೆಂಡಿಗೆ ಸುಮಾರು 30 ಫ್ರೇಮ್, ಅಂದರೆ 60 ಅರ್ಧ ಚಿತ್ರ. ಒಂದು ಬಿಟ್ಟು ಒಂದು ಗೆರೆ ಮಾತ್ರ ಇರುವ ಈ ಅರ್ಧ ಚಿತ್ರಕ್ಕೆ ಫೀಲ್ಡ್ ಅಂತ ಹೆಸರು. ಲೆಕ್ಕ ಹೊಂದಿಸಲು ಸಿನಿಮಾದ ಒಂದು ಫ್ರೇಮಿಗೆ 2 ಫೀಲ್ಡ್, ಮುಂದಿನದಕ್ಕೆ 3, ಮತ್ತೆ 2, ಮತ್ತೆ 3 ಕೊಡುತ್ತಾರೆ. ಟೇಪನ್ನು ಒಂದೊಂದೇ ಫ್ರೇಮ್ ಆಗಿ ಸರಿಸಿದರೆ ಇದು ಕಣ್ಣಿಗೇ ಕಾಣುತ್ತದೆ. ಮೂರು ಫ್ರೇಮ್ ಸ್ಪಷ್ಟ. ಮುಂದಿನ ಎರಡರಲ್ಲಿ ಓಡುವವನ ಕಾಲು ಬಾಚಣಿಗೆಯ ಹಲ್ಲಿನ ಹಾಗೆ ಸೀಳಿರುತ್ತದೆ. ಅಲ್ಲಿ ಎರಡು ಬೇರೆ ಫ್ರೇಮ್‌ಗಳ ಅರ್ಧರ್ಧ ಬೆರೆತಿದೆ. ಈ ವರಸೆ ಹಿಡಿದು ಫೀಲ್ಡ್‌ಗಳನ್ನು ಬಿಡಿಸಿ ಜೋಡಿಸಿದರೆ ಮೂಲದ 24 ಫ್ರೇಮ್ ವಾಪಸ್ ಸಿಗುತ್ತವೆ. ಆದರೆ ಜಾಹೀರಾತಿಗೆ ಕತ್ತರಿಸಿದ ಕಡೆ ವರಸೆ ತಪ್ಪುತ್ತದೆ. ಅಲ್ಲಿಂದ ಮತ್ತೆ ಹೊಸದಾಗಿ ಹುಡುಕಬೇಕು.

ಯುರೋಪಿನ ಟಿವಿ 25 ಫ್ರೇಮಿನದು. ಅಲ್ಲಿ ಸಿನಿಮಾವನ್ನು ಸುಮ್ನೆ ಸ್ವಲ್ಪ ಜೋರಾಗಿ ಓಡಿಸುತ್ತಿದ್ದರು. 120 ನಿಮಿಷದ ಚಿತ್ರ 115 ನಿಮಿಷ ಚಿಲ್ಲರೆಗೆ ಮುಗಿದು, ಎಲ್ಲರ ದನಿಯೂ ತುಸು ತೆಳುವಾಗುತ್ತಿತ್ತು. ಇದನ್ನು ನಿಧಾನ ಮಾಡಿದರೆ ಸಾಕು.

ಈಗ ನನಗೆ ಅತಿ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಒಂದೇ ಪ್ರಸಾರವನ್ನು ಮೂರು ಮನೆಗಳಲ್ಲಿ ರೆಕಾರ್ಡ್ ಮಾಡಿದ್ದಾರೆ ಅಂದುಕೊಳ್ಳಿ. ಮೂರರಲ್ಲೂ ಚಿತ್ರ ಒಂದೇ, ಕೊಳೆ ಮಾತ್ರ ಬೇರೆ ಬೇರೆ. ಒಂದು ಟೇಪಿನಲ್ಲಿ ಲೇಪನದ ಚೂರು ಉದುರಿ ಬಿಳಿ ಗೀರು ಬಂದಿದ್ದರೆ, ಉಳಿದೆರಡರಲ್ಲಿ ಅದೇ ಜಾಗ ಚೆನ್ನಾಗಿರುತ್ತದೆ. ಒಂದು ಚುಕ್ಕಿಯ ಹೊಳಪು (0 ಅಂದರೆ ಕಪ್ಪು, 255 ಅಂದರೆ ಬಿಳಿ) ಮೂರು ಟೇಪುಗಳಲ್ಲಿ 112, 115, 250 ಅಂತ ಬಂತು ಅನ್ನಿ. ಸರಾಸರಿ ತೆಗೆದರೆ 159, ಗೀರು ಮಾಸಲಾಗಿ ಉಳಿದುಬಿಡುತ್ತದೆ. ನಡುವಿನ ಬೆಲೆ ಆರಿಸಿದರೆ 115. ಗೀರು ಮಾಯ! ಮರಳಿನ ಹಾಗೆ ಕುಣಿಯುವ ಕಾಳುಗಳಿಗೆ ಸರಾಸರಿಯೇ ಒಳ್ಳೆಯದು. ನಾಲ್ಕು ಟೇಪು ಸೇರಿಸಿದರೆ ಅವು ಅರ್ಧಕ್ಕೆ ಇಳಿಯುತ್ತವೆ, ಒಂಬತ್ತು ಸೇರಿಸಿದರೆ ಮೂರನೇ ಒಂದಕ್ಕೆ. ಹೀಗೆ ಬರುವ ಚಿತ್ರ ಆ ಯಾವ ಟೇಪಿಗಿಂತಲೂ ಚೊಕ್ಕಟ.

ಈಚೆಗೆ ಕೆಲವರು ಇನ್ನೂ ಒಳಕ್ಕೆ ಹೋಗಿದ್ದಾರೆ. ಪ್ಲೇಯರ್ ಹೊರಗೆ ಕೊಡುವ ಚಿತ್ರವನ್ನು ತೆಗೆದುಕೊಳ್ಳದೆ, ಹೆಡ್ ಓದಿದ ಕಚ್ಚಾ ಸಿಗ್ನಲನ್ನೇ ಕಂಪ್ಯೂಟರಿಗೆ ತುಂಬಿಸಿ ಸಾಫ್ಟ್‌ವೇರಿನಲ್ಲಿ ಬಿಡಿಸುತ್ತಾರೆ. ‘ವಿಎಚ್‌ಎಸ್-ಡಿಕೋಡ್’ ಅಂಥದ್ದೊಂದು.

ಬಣ್ಣದ ಕಥೆ ಬೇರೆ. ಬಿಬಿಸಿಯ ‘ಡಾಕ್ಟರ್ ಹೂ’ ಸಿನಿಮಾ ಅಲ್ಲ, ಧಾರಾವಾಹಿ. ಆದರೂ ಇಲ್ಲಿ ಹೇಳಲೇಬೇಕು. 1971ರ ‘ದಿ ಡೀಮನ್ಸ್’ ಕಥೆಯ ಐದು ಕಂತುಗಳಲ್ಲಿ ನಾಲ್ಕರ ಬಣ್ಣದ ಟೇಪುಗಳು ಅಳಿಸಿಹೋಗಿದ್ದವು. ಉಳಿದದ್ದು 16 ಮಿಲಿಮೀಟರಿನ ಕಪ್ಪು-ಬಿಳುಪು ಫಿಲ್ಮ್. ಅಮೆರಿಕದಲ್ಲಿ ಮಾತ್ರ ಟಿವಿಯಿಂದ ಮನೆಯಲ್ಲಿ ರೆಕಾರ್ಡ್ ಮಾಡಿದ ಬಣ್ಣದ ಪ್ರತಿ ಇತ್ತು, ಸಿಕ್ಕಾಪಟ್ಟೆ ಮಸುಕಾಗಿ. 1992ರಲ್ಲಿ ಎರಡನ್ನೂ ಸೇರಿಸಿದರು. ವಿವರ ಫಿಲ್ಮಿನದು, ಬಣ್ಣ ಮನೆಯ ಟೇಪಿನದು. ನಮ್ಮ ಕಣ್ಣು ಅಂಚುಗಳನ್ನು ಹೊಳಪಿನಿಂದ ಗುರುತಿಸುತ್ತದೆ, ಬಣ್ಣ ಸ್ವಲ್ಪ ಆಚೀಚೆ ಹರಡಿದ್ದರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕೇ ಈ ಜೋಡಣೆ ನಂಬುವ ಹಾಗೆ ಕಾಣುತ್ತದೆ.

ಸಿನಿಮಾಗಳಲ್ಲೂ ಇಂಥದ್ದೇ ಉಪಾಯ ಇದೆ. ಡಿಸ್ಕಿನಲ್ಲಿ ಇರುವ ದೃಶ್ಯಗಳನ್ನು ಡಿಸ್ಕಿನಿಂದಲೇ ತೆಗೆದುಕೊಂಡು, ಟಿವಿಯಲ್ಲಿ ಮಾತ್ರ ಬಂದದ್ದನ್ನು ಟೇಪಿನಿಂದ ಸೇರಿಸುತ್ತಾರೆ. ಎರಡರಲ್ಲೂ ಇರುವ ದೃಶ್ಯವನ್ನು ಹೋಲಿಸಿದರೆ ಟೇಪು ಬಣ್ಣವನ್ನು ಎಷ್ಟು ಕೆಡಿಸಿದೆ ಅಂತ ಗೊತ್ತಾಗುತ್ತದೆ. ಅದೇ ಅಳತೆಯಲ್ಲಿ ಉಳಿದ ದೃಶ್ಯ ತಿದ್ದಬಹುದು. ಒಂದು ಎಚ್ಚರ ಬೇಕು: ಡಿಸ್ಕಿಗಾಗಿ ಬಣ್ಣವನ್ನು ಹೊಸದಾಗಿ ಬದಲಾಯಿಸಿದ್ದರೆ ಅಳತೆಗೋಲೇ ತಪ್ಪು.

ಕೆಲವು ನಷ್ಟಗಳಿಗೆ ಮದ್ದಿಲ್ಲ. ಅಗಲ ತೆರೆಯ ಚಿತ್ರವನ್ನು ಹಳೆ ಟಿವಿಯ ಚೌಕಕ್ಕೆ ತುಂಬಲು ಪಕ್ಕಗಳನ್ನು ಕತ್ತರಿಸಿದ್ದರೆ, ಚಿತ್ರದ 40 ಶೇಕಡಾಕ್ಕಿಂತ ಜಾಸ್ತಿ ಭಾಗ ಹೋಗಿರಬಹುದು. ಈಗಿನ ಎಐ ಸಾಧನಗಳು ಇಂಥ ಖಾಲಿ ಜಾಗ ತುಂಬುತ್ತವೆ, ಮಸುಕು ಮುಖಕ್ಕೆ ಕಣ್ಣುರೆಪ್ಪೆ ಕೂಡ ಬರೆಯುತ್ತವೆ. ನನಗೆ ಇದು ಒಪ್ಪಿಗೆಯಿಲ್ಲ. ಟೇಪುಗಳನ್ನು ಸೇರಿಸಿ ತೆಗೆದ 115 ಅನ್ನುವ ಬೆಲೆ ಆ ರಾತ್ರಿ ನಿಜವಾಗಿ ಪ್ರಸಾರವಾದದ್ದಕ್ಕೆ ಹತ್ತಿರದ್ದು. ಎಐ ಬರೆದ ರೆಪ್ಪೆ ಆ ನಟನದ್ದಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಸಿಕ್ಕಿಬೀಳುವ ಜಾಗ ಜಾಹೀರಾತಿನದು. ರೆಕಾರ್ಡ್ ಮಾಡುವವರು ಜಾಹೀರಾತು ಬಂದಾಗ ಪಾಜ್ ಒತ್ತಿ ಟೇಪು ನಿಲ್ಲಿಸುತ್ತಿದ್ದರು. ಮತ್ತೆ ಬಿಡುವುದು ಒಂದೆರಡು ಸೆಕೆಂಡ್ ತಡವಾದರೆ ದೃಶ್ಯದ ಮೊದಲ ತುಣುಕು ಇಲ್ಲ. ಅದಕ್ಕೇ ಈ ಅಭಿಮಾನಿಗಳಿಗೆ ಪಾಜ್ ಒತ್ತದೆ ಟೇಪನ್ನು ಓಡಲು ಬಿಟ್ಟವರ ಕ್ಯಾಸೆಟ್ ಅಂದರೆ ಪ್ರಾಣ. ಚಿತ್ರ ಎಷ್ಟೇ ಮಸುಕಾಗಿರಲಿ, ಬೇರೆಲ್ಲೂ ಸಿಗದ ಆ ಎರಡು ಸೆಕೆಂಡ್ ಅದರಲ್ಲಿರುತ್ತದೆ.