ಎರಡು ಗ್ರಾಂ ಪೊಟ್ಯಾಸಿಯಂ ಮತ್ತು ಎದೆಬಡಿತ

1880ರ ದಶಕದಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು, ಉಪ್ಪುನೀರಿನಲ್ಲಿ ಅದು ಎಷ್ಟು ಹೊತ್ತು ಬಡಿಯುತ್ತದೆ ಎಂದು ನೋಡುತ್ತಿದ್ದರು. ಅದು ಚೆನ್ನಾಗಿಯೇ ಬಡಿಯಿತು. ಆಮೇಲೆ ನೋಡಿದರೆ, ಆ ಉಪ್ಪುನೀರನ್ನು ಮಾಡಿದ್ದು ಭಟ್ಟಿ ಇಳಿಸಿದ ನೀರಿನಲ್ಲಲ್ಲ, ನಲ್ಲಿ ನೀರಿನಲ್ಲಿ! ಭಟ್ಟಿ ಇಳಿಸಿದ ನೀರು ಬಳಸಿದಾಗ ಬಡಿತ ಬೇಗನೆ ಸೋತು ನಿಂತಿತು. ನಲ್ಲಿ ನೀರಿನಲ್ಲಿದ್ದ ಚೂರು ಕ್ಯಾಲ್ಸಿಯಂ ಅಷ್ಟು ಹೊತ್ತು ಹೃದಯವನ್ನು ನಡೆಸಿತ್ತು. ಇಂದು ಆಸ್ಪತ್ರೆಗಳಲ್ಲಿ ಏರಿಸುವ ಆರ್‌ಎಲ್ (ರಿಂಗರ್ಸ್ ಲ್ಯಾಕ್ಟೇಟ್) ಬಾಟಲಿ ಅದೇ ಪ್ರಯೋಗಗಳ ಸಂತತಿ.

ಕ್ಯಾಲ್ಸಿಯಂ ಸ್ನಾಯುವನ್ನು ಹಿಂಡುತ್ತದೆ, ಸರಿ. ಆದರೆ ತಾಳ ತಪ್ಪಿಸುವುದರಲ್ಲಿ ಜಾಸ್ತಿ ಕಾಟ ಕೊಡುವುದು ಪೊಟ್ಯಾಸಿಯಂ. ನಮ್ಮ ಮೈಯಲ್ಲಿರುವ ಪೊಟ್ಯಾಸಿಯಂನ ಶೇ. 98ರಷ್ಟು ಜೀವಕೋಶಗಳ ಒಳಗೇ ಇರುತ್ತದೆ. ಹೊರಗೆ, ರಕ್ತವೂ ಸೇರಿ ಎಲ್ಲ ದ್ರವದಲ್ಲಿ ಇರುವುದು ಸುಮಾರು 2 ಗ್ರಾಂ ಮಾತ್ರ. ಒಂದು ಎಳನೀರಿನಲ್ಲೇ ಅರ್ಧ ಗ್ರಾಂ ಆಸುಪಾಸು ಇರುತ್ತದೆ ಅಂದರೆ ಲೆಕ್ಕ ಹಾಕಿ. ಆದರೂ ಕುಡಿದವರಿಗೆ ಏನೂ ಆಗುವುದಿಲ್ಲ ಅಲ್ವಾ? ಊಟವಾದ ಮೇಲೆ ಬರುವ ಇನ್ಸುಲಿನ್ ಅದನ್ನು ಕೋಶಗಳೊಳಗೆ ತಳ್ಳುತ್ತದೆ, ಹೆಚ್ಚಿದ್ದನ್ನು ಕಿಡ್ನಿ ನಿಧಾನಕ್ಕೆ ಹೊರಹಾಕುತ್ತದೆ. ಕಿಡ್ನಿ ಸೋತವರಿಗೆ ಎಳನೀರು, ಬಾಳೆಹಣ್ಣು ಬೇಡ ಅನ್ನುವುದು ಇದಕ್ಕೇ. ಸೋಡಿಯಂ ಕಡಿಮೆ ಇರುವ ಉಪ್ಪಿನಲ್ಲೂ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಬಿಪಿಗೆ ಒಳ್ಳೆಯದೆಂದು ಸುಮ್ನೆ ತಂದು ಇಂಥವರಿಗೆ ಬಡಿಸಬಾರದು.

ರಕ್ತದಲ್ಲಿ ಇದರ ಮಟ್ಟ ಲೀಟರಿಗೆ 3.5ರಿಂದ 5 ಮಿಲಿಮೋಲ್‌ವರೆಗೆ ಇದ್ದರೆ ಸರಿ. ಕೋಶದ ಒಳಗೆ ಸುಮಾರು 140. ಈ ಅಂತರದಿಂದಲೇ ಹೃದಯದ ಕೋಶ ಒಳಗೆ ಸುಮಾರು 90 ಮಿಲಿವೋಲ್ಟ್ ಋಣವಾಗಿ, ಮುಂದಿನ ಬಡಿತಕ್ಕೆ ಸಿದ್ಧವಾಗಿ ಕೂತಿರುತ್ತದೆ. ಹೊರಗಿನ ಪೊಟ್ಯಾಸಿಯಂ ಏರಿದರೆ ಅಂತರ ಕುಗ್ಗುತ್ತದೆ, ಸೋಡಿಯಂ ಒಳಬರುವ ದಾರಿಗಳು ಅರ್ಧಂಬರ್ಧ ಮುಚ್ಚುತ್ತವೆ, ವಿದ್ಯುತ್ ಹರಿವು ನಿಧಾನವಾಗುತ್ತದೆ. ಇಸಿಜಿಯಲ್ಲಿ ಮೊದಲು ಟಿ ಅಲೆ (ಬಡಿತದ ಕೊನೆಗೆ ಹೃದಯ ಚೇತರಿಸಿಕೊಳ್ಳುವುದನ್ನು ತೋರಿಸುವ ಗೆರೆ) ಗುಡಾರದ ಹಾಗೆ ಚೂಪಾಗುತ್ತದೆ. ಇನ್ನೂ ಏರಿದರೆ ಕ್ಯೂಆರ್‌ಎಸ್ (ಹೃದಯದ ಕೆಳಕೋಣೆಗಳಿಗೆ ವಿದ್ಯುತ್ ಹರಡುವುದನ್ನು ತೋರಿಸುವ ಗೆರೆ) ಅಗಲವಾಗುತ್ತದೆ, ಕೊನೆಗೆ ಬಡಿತವೇ ನಿಲ್ಲಬಹುದು. ತೆರೆದ ಹೃದಯದ ಆಪರೇಷನ್‌ನಲ್ಲಿ ಇದೇ ಪೊಟ್ಯಾಸಿಯಂ ಕೊಟ್ಟು ಹೃದಯವನ್ನು ಬೇಕೆಂದೇ ನಿಲ್ಲಿಸುತ್ತಾರೆ!

ಪೊಟ್ಯಾಸಿಯಂ ಏರಿದವರ ಚಿಕಿತ್ಸೆಯಲ್ಲಿ ಒಂದು ಜಾಣತನವಿದೆ. ಇಸಿಜಿ ಕೆಟ್ಟಿದ್ದರೆ ಮೊದಲು ಕ್ಯಾಲ್ಸಿಯಂ ಗ್ಲುಕೋನೇಟ್ ಅನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದು ಪೊಟ್ಯಾಸಿಯಂ ಅನ್ನು ಒಂದಿಷ್ಟೂ ಇಳಿಸುವುದಿಲ್ಲ, ಹೃದಯವನ್ನು ಸ್ವಲ್ಪ ಹೊತ್ತು ಕಾಯುತ್ತದೆ ಅಷ್ಟೇ. ಆ ಬಿಡುವಿನಲ್ಲಿ ಇನ್ಸುಲಿನ್ ಮತ್ತು ಗ್ಲೂಕೋಸ್ ಕೊಟ್ಟು ಪೊಟ್ಯಾಸಿಯಂ ಅನ್ನು ಕೋಶಗಳಿಗೆ ಮರಳಿಸುತ್ತಾರೆ. ಅಂದಹಾಗೆ, ಕೆಲವೊಮ್ಮೆ ವರದಿಯೇ ಸುಳ್ಳು ಹೇಳುತ್ತದೆ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಒಳಗಿದ್ದ ಪೊಟ್ಯಾಸಿಯಂ ಟ್ಯೂಬಿಗೇ ಸುರಿಯುತ್ತದೆ. ಅದಕ್ಕೇ ಇನ್ನೊಮ್ಮೆ ಸ್ಯಾಂಪಲ್ ಕೇಳುವುದು.

ಕಡಿಮೆಯಾದರೂ ತೊಂದರೆ. ವಾಂತಿಭೇದಿ, ನೀರಿಳಿಸುವ ಮಾತ್ರೆಗಳಿಂದ ಮಟ್ಟ ಬಿದ್ದಾಗ ಬಡಿತ ತಾಳ ತಪ್ಪುತ್ತದೆ. ಎಷ್ಟು ಪೊಟ್ಯಾಸಿಯಂ ಕೊಟ್ಟರೂ ಏರದಿದ್ದರೆ ಅನುಭವಿ ವೈದ್ಯರು ಮೆಗ್ನೀಸಿಯಂ ನೋಡುತ್ತಾರೆ. ಅದು ಕಡಿಮೆಯಿದ್ದರೆ ಕಿಡ್ನಿಗೆ ಪೊಟ್ಯಾಸಿಯಂ ಹಿಡಿದಿಡಲು ಆಗುವುದಿಲ್ಲ, ಕೊಟ್ಟಿದ್ದೆಲ್ಲ ಮೂತ್ರದಲ್ಲಿ ಹೋಗುತ್ತದೆ.