ಜಗಳದ ಬೇರು ಎಲ್ಲಿದೆ? ಕಾಗೋಡಿನಿಂದ ಕಲ್ಲಿಕೋಟೆವರೆಗೆ ಒಂದು ಟಿಪ್ಪಣಿ

ಸಂಘರ್ಷದ ಪಾಠ ಓದುವಾಗ ನಾವೆಲ್ಲ ಮೊದಲು ಹುಡುಕುವುದು ಯಾವ ಘಟನೆಯಿಂದ ಶುರುವಾಯ್ತು ಅಂತ. ಪರೀಕ್ಷೆಗೆ ಅದು ಬೇಕು, ಸರಿ. ಆದರೆ ಕಿಡಿ ಬೇರೆ, ಕಾರಣ ಬೇರೆ. ನಮ್ಮ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಕಾಗೋಡು ಅನ್ನುವ ಹಳ್ಳಿಯನ್ನೇ ಇಟ್ಟುಕೊಂಡು ನೋಡಿದರೆ ಇದು ಬೇಗ ಅರ್ಥವಾಗುತ್ತೆ.

1951ರಲ್ಲಿ ಅಲ್ಲಿ ಗಲಾಟೆ ಎದ್ದಿದ್ದು ಗೇಣಿ ಭತ್ತ ಅಳೆಯುವ ಕೊಳಗದ ವಿಚಾರಕ್ಕೆ. ಭೂಮಾಲೀಕ ಒಡೆಯರು ಸರ್ಕಾರಿ ಅಳತೆಗಿಂತ ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಾರೆ ಅನ್ನುವುದು ಗೇಣಿದಾರರ ದೂರು. ಲೆಕ್ಕ ಹಾಕಿ ನೋಡಿ. ಖಂಡುಗಕ್ಕೆ 20 ಕೊಳಗ. ಒಂದು ಕೊಳಗಕ್ಕೆ ಅರ್ಧ ಸೇರು ಜಾಸ್ತಿ ಹೋಯ್ತು ಅಂತ ಇಟ್ಟುಕೊಂಡರೂ ಖಂಡುಗಕ್ಕೆ 10 ಸೇರು ಹೋಯ್ತು, ಅದೂ ಮಳೆಯಲ್ಲಿ ನೆನೆದು, ಕೆಸರಲ್ಲಿ ನಿಂತು ನಾಟಿ ಮಾಡಿದ ಮನೆಯವರ ಕಣ್ಣೆದುರೇ.

ಹಾಗಂತ ಸರಿಯಾದ ಕೊಳಗ ತಂದಿಟ್ಟಿದ್ದರೆ ಎಲ್ಲಾ ಮುಗೀತಿತ್ತಾ? ಖಂಡಿತ ಇಲ್ಲ. ಉಳುವವರಲ್ಲಿ ಹೆಚ್ಚಿನವರು ದೀವರ ಸಮುದಾಯದವರು, ಭೂಮಿ ಮೇಲ್ಜಾತಿಯ ಒಡೆಯರದ್ದು. ಬಿಡು ಅಂದರೆ ಗದ್ದೆ ಬಿಡಬೇಕು. ಯಾರೂ ಯಾರಿಗೂ ಹೊಡೆಯದ ದಿನವೂ ಅಲ್ಲಿ ಅನ್ಯಾಯ ನಡೀತಾನೇ ಇತ್ತು. ಶಾಂತಿ ಅಧ್ಯಯನದ ವಿದ್ವಾಂಸ, ನಾರ್ವೆಯ ಯೋಹಾನ್ ಗಾಲ್ಟುಂಗ್ 1969ರಲ್ಲಿ ಇದನ್ನೇ ರಾಚನಿಕ ಹಿಂಸೆ ಅಂದರು. ಅಂದರೆ ವ್ಯವಸ್ಥೆಯೇ ಮಾಡುವ ಹಿಂಸೆ. ಇಂಥವನೇ ಹೊಡೆದ ಅಂತ ಬೊಟ್ಟು ಮಾಡೋಕೆ ಬರಲ್ಲ. ಅದು ಸರಿಯೇ ಅಂತ ಜನರನ್ನು ಒಪ್ಪಿಸುವ ನಂಬಿಕೆ, ಸಂಪ್ರದಾಯ, ಮಾತುಗಳಿಗೆ 1990ರಲ್ಲಿ ಸಾಂಸ್ಕೃತಿಕ ಹಿಂಸೆ ಅಂತ ಹೆಸರು ಕೊಟ್ಟರು. ಹೊಡೆದಾಟ ನಿಂತರೆ ಅವರ ಪ್ರಕಾರ ಅದು ನಕಾರಾತ್ಮಕ ಶಾಂತಿ, ಅನ್ಯಾಯವೂ ಹೋದರೆ ಮಾತ್ರ ಸಕಾರಾತ್ಮಕ ಶಾಂತಿ. ನಾಲ್ಕೂ ಪದ ಬಾಯಿಪಾಠ ಮಾಡುವ ಬದಲು ಕಾಗೋಡಿನ ಒಂದೊಂದು ವಿವರದ ಪಕ್ಕ ಒಂದೊಂದನ್ನು ಬರೆದು ನೋಡಿ, ಮರೆಯಲ್ಲ.

ಗೇಣಿದಾರರು ದೊಣ್ಣೆ ಹಿಡಿಯಲಿಲ್ಲ. ಎಚ್. ಗಣಪತಿಯಪ್ಪನವರು ಕಟ್ಟಿದ ಸಂಘಟನೆ ಇತ್ತು, ಬೆನ್ನಿಗೆ ಸಮಾಜವಾದಿಗಳಿದ್ದರು. ತಂಡ ತಂಡವಾಗಿ ನೇಗಿಲು ಹೊತ್ತು ಗದ್ದೆಗೆ ಇಳಿದರು, ಬಂಧನಕ್ಕೆ ಒಳಗಾದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನೂ ಹಿಡಿದರು. ಭೂಮಿ ಮಾತ್ರ ತಕ್ಷಣ ಸಿಗಲಿಲ್ಲ. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಕಾನೂನು ಜಾರಿಗೆ ಬಂದ ಮೇಲೆ ಜನ ಡಿಕ್ಲರೇಷನ್ (ಈ ಗದ್ದೆ ಉಳುವವರು ನಾವು ಅನ್ನುವ ಅರ್ಜಿ) ಹಾಕಿ, ಭೂನ್ಯಾಯ ಮಂಡಳಿ ಮುಂದೆ ನಿಂತು ಹಕ್ಕು ಪಡೆದರು. ಕೇಳುವ ಒಂದು ಜಾಗ, ತೀರ್ಪು ಕೊಡುವ ಒಂದು ಮಂಡಳಿ ಅಂತ ಇರುವುದು ಎಷ್ಟು ದೊಡ್ಡದು ಅಂತ ನನಗೆ ಈ ಪಾಠದಲ್ಲೇ ಗೊತ್ತಾಗಿದ್ದು.

ಅಂಥ ದಾರಿಗಳು ಒಂದೊಂದಾಗಿ ಮುಚ್ಚಿದರೆ ಏನಾಗುತ್ತೆ ಅನ್ನೋದಕ್ಕೆ ಶ್ರೀಲಂಕಾ ಓದಿ. 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆ ಆಯ್ತು, 70ರ ದಶಕದಲ್ಲಿ ವಿಶ್ವವಿದ್ಯಾಲಯ ಪ್ರವೇಶದ ನಿಯಮ ಬದಲಾಗಿ ತಮಿಳು ಹುಡುಗರಿಗೆ ಸೀಟು ಕಷ್ಟವಾಯ್ತು, 1981ರಲ್ಲಿ ತಮಿಳರ ಊರಾದ ಜಾಫ್ನಾದ ಗ್ರಂಥಾಲಯ ಸುಟ್ಟರು. ಸರ್ಕಾರ ಮತ್ತು ತಮಿಳು ಬಂಡುಕೋರರ ಯುದ್ಧ 1983ರಲ್ಲಿ ಶುರು ಅಂತ ಬರೆದು ಸುಮ್ನಾದರೆ ಉತ್ತರ ಅರ್ಧವೇ ಅಲ್ವಾ?

ಇನ್ನೊಂದು ಪ್ರಶ್ನೆ ನನಗೆ ಇದಕ್ಕಿಂತ ಮುಖ್ಯ: ಅದೇ ದೇಶ, ಅದೇ ಧರ್ಮಗಳು, ಆದರೂ ಕೆಲವು ಊರು ಯಾಕೆ ಹೊತ್ತಿ ಉರಿಯಲ್ಲ? ರಾಜಕೀಯ ಶಾಸ್ತ್ರದ ವಿದ್ವಾಂಸ ಆಶುತೋಷ್ ವಾರ್ಷ್ಣೇಯ ಭಾರತದಲ್ಲಿ 1950ರಿಂದ 1995ರವರೆಗಿನ ಹಿಂದೂ–ಮುಸ್ಲಿಂ ಗಲಭೆಗಳ ಲೆಕ್ಕ ತೆಗೆದರು. ಸತ್ತವರಲ್ಲಿ ಹಳ್ಳಿಗಳ ಪಾಲು ಶೇ. 4ಕ್ಕಿಂತ ಕಡಿಮೆ, ಎಂಟೇ ನಗರಗಳ ಪಾಲು ಶೇ. 46ರಷ್ಟು! ಉತ್ತರ ಪ್ರದೇಶದ ಅಲಿಗಢದಲ್ಲಿ ಪದೇ ಪದೇ ಗಲಭೆ, ಕೇರಳದ ಕಲ್ಲಿಕೋಟೆಯಲ್ಲಿ ಇಲ್ಲ. ಕಲ್ಲಿಕೋಟೆಯಲ್ಲಿ ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ಓದುಗರ ಕೂಟ ಎಲ್ಲದರಲ್ಲೂ ಎರಡೂ ಕಡೆಯವರು ಒಟ್ಟಿಗೆ ಇದ್ದರು, ಹಾಗಾಗಿ ಗಾಳಿಸುದ್ದಿ ಹಬ್ಬಿದಾಗ ಫೋನ್ ಮಾಡಿ ಕೇಳೋಕೆ ಪರಿಚಯದವರಿದ್ದರು. ಅಕ್ಕಪಕ್ಕದ ಮನೆಯವರ ಸ್ನೇಹ ಒಳ್ಳೆಯದೇ, ಆದರೆ ದೊಡ್ಡ ಊರಲ್ಲಿ ರಾಜಕೀಯದ ಒತ್ತಡ ಬಂದಾಗ ಅದೊಂದೇ ಸಾಲಲ್ಲ, ಸಂಘಟನೆಯೇ ಬೇಕು ಅನ್ನುವುದು ವಾರ್ಷ್ಣೇಯ ಅವರ ವಾದ.

ಶಿವಮೊಗ್ಗದಲ್ಲಿ ನಿಷೇಧಾಜ್ಞೆ ಹಾಕಿ ಅಂಗಡಿ ಬಾಗಿಲು ಮುಚ್ಚಿದ ದಿನಗಳನ್ನು ನಾವೂ ನೋಡಿದ್ದೇವೆ. ಅದಕ್ಕೇ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿರುವವರಿಗೆ ಒಂದು ಸಲಹೆ. ಅಡಿಕೆ ಮಂಡಿ, ಹಮಾಲರ ಸಂಘ, ಆಟೋ ಸ್ಟ್ಯಾಂಡ್, ಗಾಂಧಿ ಬಜಾರಿನ ವರ್ತಕರು, ಇವರ ಸಂಘಗಳಲ್ಲಿ ಯಾರ್ಯಾರು ಒಟ್ಟಿಗೆ ಕೂರುತ್ತಾರೆ, ಪದಾಧಿಕಾರಿಗಳು ಯಾರು, ಊರು ಬಿಗಿಯಾದ ದಿನ ಒಬ್ಬರಿಗೊಬ್ಬರು ಫೋನ್ ಮಾಡಿದ್ದರಾ? ಹೋಗಿ ಕೇಳಿ, ಬರೆದುಕೊಳ್ಳಿ. ನನ್ನ ಪಟ್ಟಿ ಹಮಾಲರ ಸಂಘದಿಂದ ಶುರು.