ಸಿ56: ಬೆಟ್ಟದ ಲೈನಿನಿಂದ ಬರ್ಮಾ ಕಾಡಿನವರೆಗೆ

ಜಪಾನಿನ ಸಿ56 ಉಗಿ ಎಂಜಿನ್ ಅಂದರೆ ಕೆಲವರಿಗೆ ಬೆಟ್ಟ ಹತ್ತುವ ಮುದ್ದಾದ ಪುಟ್ಟ ರೈಲು. ಇನ್ನು ಕೆಲವರಿಗೆ ಸಾವಿನ ರೈಲು. ಇಬ್ಬರ ಮಾತಲ್ಲೂ ಸುಳ್ಳಿಲ್ಲ.

1935ರಿಂದ 1939ರವರೆಗೆ ಜಪಾನ್ ಸರ್ಕಾರಿ ರೈಲ್ವೆ ತನಗಾಗಿ ಇಂಥ 160 ಎಂಜಿನ್ ಮಾಡಿಸಿತು. ಹಳ್ಳಿಗಾಡಿನ ಕವಲು ಲೈನುಗಳ ಹಳಿ ಜಾಸ್ತಿ ಭಾರ ತಡೆಯುತ್ತಿರಲಿಲ್ಲ. ಅದಕ್ಕೇ ಸಿ12 ಅನ್ನುವ ಹಗುರ ಎಂಜಿನ್ನನ್ನೇ ತಿದ್ದಿ, ದೂರ ಓಡಲಿ ಅಂತ ಕಲ್ಲಿದ್ದಲು, ನೀರು ತುಂಬಲು ಹಿಂದೆ ಬೇರೆ ಟೆಂಡರ್ ಜೋಡಿಸಿದರು. ಕೊನೇ ಸ್ಟೇಷನ್ನಿನಲ್ಲಿ ಎಂಜಿನ್ ತಿರುಗಿಸುವ ಟರ್ನ್‌ಟೇಬಲ್ ಇಲ್ಲದಿದ್ದರೆ ಹಿಮ್ಮುಖವಾಗಿಯೇ ಓಡಿಸಬೇಕು. ಆಗ ಡ್ರೈವರಿಗೆ ದಾರಿ ಕಾಣಲಿ ಅಂತ ಟೆಂಡರಿನ ಮೇಲ್ಭಾಗವನ್ನು ಎರಡೂ ಕಡೆ ಕೊರೆದು ಕಿರಿದು ಮಾಡಿದ್ದಾರೆ. ದೂರದಿಂದಲೇ ಸಿ56 ಗುರುತು ಹಿಡಿಯೋಕೆ ಇಷ್ಟು ಸಾಕು.

ಹಗುರ ಎಂಜಿನ್ ಸೇನೆಗೂ ಬೇಕಾಗಿತ್ತು. 1941ರಲ್ಲಿ ಮೊದಲ 90 ಎಂಜಿನ್‌ಗಳು ಅದರ ಪಾಲಾದವು. ಜಪಾನಿನ ಹಳಿ 1,067 ಮಿ.ಮೀ. ಅಗಲ. ಥಾಯ್ಲೆಂಡ್, ಬರ್ಮಾದಲ್ಲಿ ಮೀಟರ್ ಗೇಜ್, ಹಿಂದೆ ನಮ್ಮ ಬೆಂಗಳೂರು-ಮೈಸೂರು ಲೈನಿನಲ್ಲಿ ಇತ್ತಲ್ಲ, ಅದೇ. ಗಾಲಿಗಳ ನಡುವೆ 67 ಮಿ.ಮೀ. ಕಡಿಮೆ ಮಾಡಿ ಎಂಜಿನ್‌ಗಳನ್ನು ಹಡಗು ಹತ್ತಿಸಿದರು.

ಅಲ್ಲಿ ಅವು ಓಡಿದ್ದು ಜಪಾನ್ ಸೇನೆ ಯುದ್ಧಕೈದಿಗಳು, ಕೂಲಿಗಳಿಂದ ಹಾಕಿಸಿದ ಥಾಯ್-ಬರ್ಮಾ ಲೈನಿನಲ್ಲಿ. ಉದ್ದ ಸುಮಾರು 415 ಕಿ.ಮೀ. 1942ರಲ್ಲಿ ಶುರುವಾದ ಕೆಲಸ 1943ರ ಅಕ್ಟೋಬರಿನಲ್ಲಿ ಮುಗಿಯಿತು. ಕಾಡು, ಮಳೆ, ಕಾಲರಾ, ಹಸಿವು, ಏಟು. 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತರು. ಬರ್ಮಾ, ಜಾವಾದ ಕೂಲಿಗಳು, ಮಲಯದ ರಬ್ಬರ್ ತೋಟಗಳಿಂದ ಕರೆದೊಯ್ದ ತಮಿಳರು ಸತ್ತದ್ದು ಅದರ ಎಷ್ಟೋ ಪಟ್ಟು. ಕೈದಿಗಳಿಗೆ ಥಾಯ್ಲೆಂಡಿನ ಕಾಂಚನಬುರಿಯಲ್ಲಿ ಸಾಲುಸಾಲು ಸಮಾಧಿಗಳಿವೆ, ಹೆಸರು ಸಮೇತ. ಕೂಲಿಗಳ ಲೆಕ್ಕವನ್ನೇ ಯಾರೂ ಸರಿಯಾಗಿ ಇಡಲಿಲ್ಲ.

ಯುದ್ಧದ ನಂತರ ಅಲ್ಲೇ ಉಳಿದವುಗಳಲ್ಲಿ 46 ಎಂಜಿನ್‌ಗಳು ಥಾಯ್ ರೈಲ್ವೆಗೆ ದುಡಿದವು. ಜಪಾನಿನಲ್ಲಿದ್ದವು 1970ರ ದಶಕದಲ್ಲಿ ಮೂಲೆ ಸೇರಿದವು.

ಗೋಜಲು ಹೆಚ್ಚಿದ್ದು 1979ರಲ್ಲಿ. ಆ ವರ್ಷ 31 ಮತ್ತು 44ನೇ ನಂಬರಿನ ಎಂಜಿನ್‌ಗಳು ಜಪಾನಿಗೆ ವಾಪಸ್ ಬಂದವು. ಮೊದಲನೆಯದು ಟೋಕಿಯೊದ ಯಾಸುಕುನಿ ಸೇರಿತು. ಯುದ್ಧದಲ್ಲಿ ಮಡಿದ ಜಪಾನಿ ಸೈನಿಕರನ್ನು ಪೂಜಿಸುವ ಜಾಗ ಅದು. ಅಲ್ಲಿನ ಮ್ಯೂಸಿಯಮ್ಮಿನ ಒಳಗೆ ಕಾಲಿಟ್ಟರೆ ಎದುರಿಗೇ ಎಂಜಿನ್, ಮಿರಿಮಿರಿ ಕಪ್ಪು ಬಣ್ಣದಲ್ಲಿ. ಹಳಿ ಹಾಕುತ್ತಾ ಸತ್ತವರ ಮಕ್ಕಳು, ಮೊಮ್ಮಕ್ಕಳು ಅದನ್ನು ನೋಡಿ ಹೆಮ್ಮೆಪಡಬೇಕು ಅಂದರೆ ಕಷ್ಟ ಅಲ್ವಾ?

44ನೆಯದು ಓಯಿಗಾವಾ ರೈಲ್ವೆಗೆ ಹೋಗಿ ಪ್ರವಾಸಿಗರ ಗಾಡಿ ಎಳೆಯಿತು. 2015ರಲ್ಲಿ ಅದಕ್ಕೆ ಕೆಂಪು ಬಣ್ಣ ಬಳಿದು, ಮುಖ ಅಂಟಿಸಿ, ಮಕ್ಕಳ ಥಾಮಸ್ ಕಥೆಯಲ್ಲಿ ಬರುವ ಜೇಮ್ಸ್ ಎಂಬ ಎಂಜಿನ್ ಮಾಡಿದರು. ಟಿಕೆಟ್ ಕೊಂಡು ಕುಣಿಯುತ್ತಾ ಹತ್ತುವ ಮಗುವಿಗೆ ಬರ್ಮಾದ ಕಥೆ ಬೇಡ, ಸರಿ. ಜೊತೆಗೆ ಬಂದ ಅಪ್ಪ-ಅಮ್ಮನಿಗೆ ಗೊತ್ತಿದ್ದರೆ ತಪ್ಪೇನಿಲ್ಲ.